"ಹಾಲು ಸಾಕಾಗ್ತದಾ?" ಅಂತ ಬಾಣಂತಿಯನ್ನು ಕೇಳುವ ಮೊದಲು

ನನ್ನ ಮೊದಲ ಮಗು ಹುಟ್ಟಿದ್ದು ಆಟಿ ತಿಂಗಳ ಮಳೆಯಲ್ಲಿ. ಆಸ್ಪತ್ರೆಯಿಂದ ಉಡುಪಿಯ ಮನೆಗೆ ಬಂದ ದಿನದಿಂದ, ಮಗುವನ್ನು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಸಾಕಾಗ್ತದಾ?" ಪಕ್ಕದ ಮನೆಯ ಅಕ್ಕ ಕೇಳಿದರು. ಗಂಡನ ದೊಡ್ಡಮ್ಮ ಕೇಳಿದರು. ಮಗುವನ್ನು ಮೀಯಿಸಲು ಬರುತ್ತಿದ್ದವರು ದಿನಾ ಕೇಳುತ್ತಿದ್ದರು. ಕತಾರ್‌ನಲ್ಲಿದ್ದ ಗಂಡ ವೀಡಿಯೋ ಕಾಲ್‌ನಲ್ಲಿ ಮಗು ಅಳುವುದು ಕೇಳಿ, ಪಾಪ, ಅವನೂ ಅದನ್ನೇ ಕೇಳಿದ. ನನಗೆ ಹೇಗೆ ಗೊತ್ತಾಗಬೇಕು? ಎದೆಗೆ ಮೀಟರ್ ಇಲ್ಲವಲ್ಲ. ಹತ್ತನೇ ದಿನಕ್ಕೆ ತೊಟ್ಟು ಎರಡೂ ಒಡೆದು ರಕ್ತ ಬರುತ್ತಿತ್ತು. ಮಗು ಹಸಿದು ಬಾಯಿ ಆಡಿಸಿದರೆ ಸಾಕು, ನನಗೆ ಹೆದರಿಕೆಗೆ ಬೆವರು ಬರುತ್ತಿತ್ತು.

ಹದಿನಾಲ್ಕನೇ ದಿನ ಆಶಾ ಕಾರ್ಯಕರ್ತೆ ಬಂದರು. ಏಳನೇ ದಿನವೂ ಬಂದಿದ್ದರಂತೆ, ಆಗ ನಾನು ನಿದ್ದೆಯಲ್ಲಿದ್ದೆ, ಮಗುವಿನ ತೂಕ ನೋಡಿ ಹೋಗಿದ್ದರು. ಈ ಸಲ ಒದ್ದೆ ಛತ್ರಿಯನ್ನು ಜಗಲಿಯ ಚಿಟ್ಟೆಯ ಮೇಲೆ ಇಟ್ಟು ಒಳಗೆ ಬಂದು, "ಒಮ್ಮೆ ಕುಡಿಸಿ ನೋಡುವ, ನಾನು ಇಲ್ಲೇ ಕೂತ್ಕೊಳ್ತೇನೆ" ಅಂದರು. ಅಷ್ಟು ದಿನದಲ್ಲಿ ಕೇಳಿದವರು ಹತ್ತಾರು ಜನ, ನೋಡಿದವರು ಇವರೊಬ್ಬರೇ. ಮಗು ಮಲಗಿದ್ದ ರೀತಿಯನ್ನು ಸ್ವಲ್ಪ ತಿರುಗಿಸಿದರು, ದಿಂಬು ತೆಗೆಸಿದರು, ಬಾಯಿ ಪೂರ್ತಿ ತೆರೆಯುವವರೆಗೆ ಕಾಯಿಸಿದರು. ಎರಡು ನಿಮಿಷದ ಕೆಲಸ. ನೋವು ಅವತ್ತೇ ಅರ್ಧ ಇಳಿಯಿತು. ಬಿರುಕು ಮಾಯಲು ಇನ್ನೊಂದು ವಾರ ಹಿಡಿಯಿತು.

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಎರಡು ಮಕ್ಕಳಿಗೆ ಹಾಲು ಕುಡಿಸಿದವಳು, ಮೊದಲನೆಯದರಲ್ಲಿ ಪಟ್ಟ ಪಾಡಿನಿಂದ ಎರಡನೆಯದಕ್ಕೆ ಓದಿ, ಕೇಳಿ ತಯಾರಾದವಳು. ಮಂಗಳೂರು, ಉಡುಪಿ ಕಡೆಯ ಬಾಣಂತನದಲ್ಲಿ ಏನೇನು ಎದುರಾಗುತ್ತದೆ ಅನ್ನುವುದನ್ನು ಲೆಕ್ಕ ಇಟ್ಟುಕೊಂಡೇ ಬರೆದಿದ್ದೇನೆ. ಬಾಣಂತಿಯರು ಓದಿ, ಆದರೆ ಅದಕ್ಕಿಂತ ಮುಂಚೆ ಗಂಡ, ಅಮ್ಮ, ಅತ್ತೆಗೆ ಓದಿಸಿ.

ಉತ್ತರ ಮಗುವಿನ ಬಟ್ಟೆಯಲ್ಲಿದೆ

ಹಾಲು ಸಾಕಾಗುತ್ತಿದೆಯೇ ಅಂತ ನೋಡಲು ಮಗು ಅಳುವುದನ್ನು ಲೆಕ್ಕ ಹಾಕಬೇಡಿ. ಮಕ್ಕಳು ಸೆಕೆಗೆ ಅಳುತ್ತಾರೆ, ಒದ್ದೆಗೆ ಅಳುತ್ತಾರೆ, ಸುಮ್ನೆ ಎತ್ತಿಕೊಳ್ಳಲಿ ಅಂತಲೂ ಅಳುತ್ತಾರೆ. ಎದೆ ಮೆತ್ತಗಿದೆಯೋ ಬಿಗಿ ಇದೆಯೋ ಅನ್ನುವುದರಿಂದಲೂ ಗೊತ್ತಾಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಎಲ್ಲರ ಎದೆಯೂ ಮೆತ್ತಗಾಗುತ್ತದೆ, ಮಗುವಿಗೆ ಎಷ್ಟು ಬೇಕೋ ಅಷ್ಟಕ್ಕೆ ದೇಹ ಹೊಂದಿಕೊಂಡಿತು ಅಂತ ಅರ್ಥ. ಪಂಪ್‌ನಲ್ಲಿ ಹಿಂಡಿದಾಗ ಬಂದ ಹಾಲಿನ ಅಳತೆಯೂ ಸರಿಯಾದ ಲೆಕ್ಕ ಕೊಡುವುದಿಲ್ಲ, ಯಾಕೆಂದರೆ ಮಗು ಎಳೆಯುವಷ್ಟು ಚೆನ್ನಾಗಿ ಯಾವ ಪಂಪೂ ಎಳೆಯುವುದಿಲ್ಲ.

ನೋಡಬೇಕಾದದ್ದು ಮೂತ್ರ, ಮಲ, ತೂಕ. ಮೊದಲ ದಿನ ಒಂದೆರಡು ಬಟ್ಟೆ ಒದ್ದೆಯಾದರೆ ಸಾಕು. ದಿನ ಹೋದಂತೆ ಜಾಸ್ತಿಯಾಗಬೇಕು. ಐದಾರು ದಿನ ಕಳೆದ ಮೇಲೆ ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ಚೆನ್ನಾಗಿ ಒದ್ದೆಯಾಗಬೇಕು. ಮಲ ಮೊದಲು ಕಪ್ಪಗೆ ಟಾರಿನ ಹಾಗೆ, ಆಮೇಲೆ ಹಸಿರು, ನಾಲ್ಕೈದು ದಿನಕ್ಕೆ ಹಳದಿ. ಐದನೇ ದಿನಕ್ಕೂ ಕಪ್ಪಗೇ ಇದ್ದರೆ ಡಾಕ್ಟರಿಗೆ ತೋರಿಸಿ. ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಎಲ್ಲ ಮಕ್ಕಳಲ್ಲೂ ಇದ್ದದ್ದೇ. ಹುಟ್ಟಿದ ತೂಕದ 10 ಶೇಕಡಾಕ್ಕಿಂತ ಹೆಚ್ಚು ಇಳಿದರೆ ಮಾತ್ರ ಕೂಡಲೇ ನೋಡಿಸಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬರುತ್ತದೆ, ಅಲ್ಲಿಂದ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ನಾನು ಎರಡನೇ ಸಲ ಅಡುಗೆ ಕೋಣೆಯ ಕ್ಯಾಲೆಂಡರ್‌ನಲ್ಲಿ ಒದ್ದೆ ಬಟ್ಟೆಗೆ ಒಂದು ಗೀಟು, ಮಲಕ್ಕೆ ಒಂದು ಚುಕ್ಕಿ ಹಾಕುತ್ತಿದ್ದೆ. ಯಾರಾದರೂ "ಸಾಕಾಗ್ತದಾ" ಅಂದರೆ ಅಮ್ಮ ಕ್ಯಾಲೆಂಡರ್ ತೋರಿಸುತ್ತಿದ್ದರು. ಆಮೇಲೆ ಯಾರೂ ಕೇಳಲಿಲ್ಲ ಮಾರಾಯ್ರೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ದಪ್ಪ ಹಾಲು, ಬರುವುದೇ ಹನಿ ಹನಿ. ನೋಡಿದವರಿಗೆ "ಅಯ್ಯೋ, ಇಷ್ಟೇ ಇಷ್ಟಾ" ಅನಿಸುತ್ತದೆ. ಮೊದಲ 24 ಗಂಟೆಯಲ್ಲಿ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಎಂ.ಎಲ್. ಅಷ್ಟೇ, ಒಂದೆರಡು ಟೀ ಚಮಚ. ಅದನ್ನು ಹಿಂಡಿ ಚೆಲ್ಲಬೇಡಿ, ರೋಗ ತಡೆಯುವ ಶಕ್ತಿ ಅದರಲ್ಲೇ ತುಂಬಿದೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಆಗಿದ್ದರೂ ನರ್ಸ್ ಸಹಾಯದಿಂದ ಆದಷ್ಟು ಬೇಗ ಶುರು ಮಾಡಬಹುದು. ಹೆರಿಗೆಗೆ ಮೊದಲೇ ಇದನ್ನು ಡಾಕ್ಟರ್ ಹತ್ತಿರ ಮಾತಾಡಿಟ್ಟುಕೊಳ್ಳಿ. ಬಿಳಿ ಹಾಲು ಇಳಿಯುವುದು 2ರಿಂದ 5 ದಿನದೊಳಗೆ. ಸಿಸೇರಿಯನ್ ಆದವರಿಗೆ, ರಕ್ತ ಜಾಸ್ತಿ ಹೋದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಸ್ವಲ್ಪ ತಡವಾಗಬಹುದು.

ಎರಡನೇ ರಾತ್ರಿ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಮೊದಲ ದಿನ ಮಲಗಿಯೇ ಇದ್ದ ಮಗು ಎರಡನೇ ರಾತ್ರಿ ಎದ್ದು ಗಂಟೆಗಟ್ಟಲೆ ಎದೆ ಬಿಡದೆ ಅಳುತ್ತದೆ. ನನ್ನ ಮೊದಲ ಹೆರಿಗೆಯಲ್ಲಿ ಆ ರಾತ್ರಿ ವಾರ್ಡ್‌ನಲ್ಲಿದ್ದವರು ನನ್ನನ್ನು ಕೇಳದೆ ಬಾಟ್ಲಿ ತಂದು ಮಗುವಿನ ಬಾಯಿಗೆ ಇಟ್ಟರು. ಮಗು ಗಟಗಟ ಕುಡಿದು ಮಲಗಿತು, "ನೋಡಿದ್ರಾ, ಹಸಿವು" ಅಂದರು. ಅಸಲಿಗೆ ಮಗು ಆ ರಾತ್ರಿ ಮಾಡುತ್ತಿದ್ದದ್ದು ನಾಳೆಯ ಹಾಲಿಗೆ ಆರ್ಡರ್ ಕೊಡುವ ಕೆಲಸ. ಎಷ್ಟು ಎಳೆಯುತ್ತದೋ ಅಷ್ಟು ತಯಾರಾಗುತ್ತದೆ. ಇದೇ ಆಟ ಎರಡು ಮೂರನೇ ವಾರದಲ್ಲೊಮ್ಮೆ, ಆರನೇ ವಾರದಲ್ಲೊಮ್ಮೆ ಮತ್ತೆ ಬರುತ್ತದೆ, ಹೆಚ್ಚಾಗಿ ಸಂಜೆ ಹೊತ್ತು. ಎರಡು ಮೂರು ದಿನ ಸಹಿಸಿಕೊಂಡು ಕೇಳಿದಷ್ಟು ಸಲ ಕುಡಿಸಿದರೆ ಹೆಚ್ಚಾಗಿ ತಾನೇ ಸರಿಯಾಗುತ್ತದೆ.

ಬಾಯಿಗೆ ಹೇಗೆ ಇಡುವುದು

ನನ್ನ ಕೇಳಿದರೆ, ತೊಂದರೆಗಳಲ್ಲಿ ಮುಕ್ಕಾಲು ಪಾಲು ಶುರುವಾಗುವುದು ಇಲ್ಲಿ. ನಾವು ಬಗ್ಗಿ ಬಗ್ಗಿ ಎದೆಯನ್ನು ಮಗುವಿನ ಬಾಯಿಗೆ ತುರುಕುತ್ತೇವೆ. ಆಗ ಮಗು ತೊಟ್ಟಿನ ತುದಿಯನ್ನು ಮಾತ್ರ ಹಿಡಿಯುತ್ತದೆ. ತುದಿ ಹಿಡಿದರೆ ನಿಮಗೆ ನೋವು, ಅದಕ್ಕೆ ಹಾಲೂ ಸರಿಯಾಗಿ ಬರುವುದಿಲ್ಲ.

ಮೊದಲು ನೀವು ಆರಾಮಾಗಿ ಒರಗಿ ಕೂರಿ, ಬೆನ್ನಿಗೆ ದಿಂಬು ಕೊಡಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಪೂರ್ತಿ ನಿಮ್ಮ ಕಡೆಗೆ ತಿರುಗಿಸಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರಲಿ. ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ನೀವೇ ಒಂದು ಲೋಟ ನೀರು ಕುಡಿದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಮಗುವಿನ ಮೂಗು ತೊಟ್ಟಿನ ಎದುರು ಬರಲಿ, ಬಾಯಿ ಅಲ್ಲ. ತೊಟ್ಟಿನಿಂದ ಮೇಲ್ತುಟಿಯನ್ನು ಸವರಿ, ಕಾಯಿರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದ ಕ್ಷಣ ಮಗುವನ್ನು ಎದೆಯ ಹತ್ತಿರ ತನ್ನಿ, ಗದ್ದ ಮೊದಲು ತಾಗಲಿ. ತಲೆಯ ಹಿಂದೆ ಒತ್ತಬೇಡಿ, ಒತ್ತಿದರೆ ಮಗು ಹಿಂದಕ್ಕೆ ಎಳೆಯುತ್ತದೆ. ಕತ್ತಿನ ಬುಡ ಮತ್ತು ಭುಜಕ್ಕೆ ಆಸರೆ ಕೊಡಿ ಸಾಕು.

ಸರಿಯಾಗಿ ಹಿಡಿದಿದ್ದರೆ ಗದ್ದ ಎದೆಗೆ ಒತ್ತಿಕೊಂಡಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲ್ಗಡೆ ಜಾಸ್ತಿ ಕಾಣುತ್ತದೆ. ಮೊದಲು ಬೇಗ ಬೇಗ ಚೀಪಿ, ಆಮೇಲೆ ನಿಧಾನವಾಗಿ ಎಳೆದು ನುಂಗುವುದು ಕೇಳಿಸುತ್ತದೆ. ಕೆನ್ನೆ ಒಳಗೆ ಗುಳಿ ಬೀಳುತ್ತಿದ್ದರೆ, ಟಕ್ ಟಕ್ ಸದ್ದು ಬರುತ್ತಿದ್ದರೆ, ಬಿಟ್ಟ ಮೇಲೆ ತೊಟ್ಟು ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿದ್ದರೆ ಹಿಡಿತ ಸರಿಯಿಲ್ಲ. ಆಗ ಎಳೆದು ಬಿಡಿಸಬೇಡಿ, ಬಾಯಿಯ ಮೂಲೆಯಿಂದ ನಿಮ್ಮ ಕಿರುಬೆರಳನ್ನು ತೂರಿಸಿ ಗಾಳಿ ಬಿಡಿಸಿ, ಮತ್ತೆ ಶುರು ಮಾಡಿ. ಮೊದಲ ವಾರ ಒಂದು ಸಲ ಕುಡಿಸಲು ಐದು ಸಲ ಹೀಗೆ ಬಿಡಿಸಿ ಇಡಬೇಕಾಗಬಹುದು. ಬೇಸರ ಮಾಡಿಕೊಳ್ಳಬೇಡಿ.

ಸಿಸೇರಿಯನ್ ಹೊಲಿಗೆ ಇದ್ದರೆ ಮಗುವನ್ನು ಮಡಿಲಲ್ಲಿ ಇಡುವ ಬದಲು ಕಂಕುಳ ಕೆಳಗೆ, ಕೊಡ ಎತ್ತಿಕೊಂಡ ಹಾಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿಯಿರಿ. ಹೊಟ್ಟೆಗೆ ಭಾರ ಬೀಳುವುದಿಲ್ಲ. ರಾತ್ರಿ ಪಕ್ಕಕ್ಕೆ ಮಲಗಿಕೊಂಡೂ ಕುಡಿಸಬಹುದು. ಆದರೆ ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಿದ್ದೆ ಹೋಗುವುದು ಮಾತ್ರ ಬೇಡ, ಅದು ತುಂಬಾ ಅಪಾಯ. ಹಿಡಿತ ಎಲ್ಲ ಸರಿಯಿದ್ದೂ ನೋವು ಹೋಗದಿದ್ದರೆ ಮಗುವಿನ ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿದೆಯಾ ಅಂತ ಮಕ್ಕಳ ಡಾಕ್ಟರಲ್ಲಿ ಕೇಳಿ.

24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸುವುದು ಸಹಜ. ಕೈ ಬಾಯಿಗೆ ತರುವುದು, ತಲೆ ಆ ಕಡೆ ಈ ಕಡೆ ತಿರುಗಿಸುವುದು, ಇವೆಲ್ಲ ಹಸಿವಿನ ಗುರುತು. ಅಳು ಕೊನೆಯದು. ಕಾಮಾಲೆ ಬಂದ ಮಕ್ಕಳು, ತೂಕ ಕಡಿಮೆ ಇರುವ ಮಕ್ಕಳು ಬರೀ ನಿದ್ದೆ ಮಾಡುತ್ತಾರೆ. "ಪಾಪ, ಮಲಗಲಿ" ಅಂತ ಬಿಡಬೇಡಿ, ಎರಡು ಮೂರು ಗಂಟೆಗೊಮ್ಮೆ ಬಟ್ಟೆ ಬಿಚ್ಚಿ, ಅಂಗಾಲು ಉಜ್ಜಿ ಎಬ್ಬಿಸಿ ಕುಡಿಸಿ.

ಒಡೆದ ತೊಟ್ಟು, ಕಲ್ಲಾದ ಎದೆ, ಜ್ವರ

ಬಿರುಕಿಗೆ ಮೊದಲ ಮದ್ದು ಹಿಡಿತ ಸರಿ ಮಾಡುವುದು. ಅದು ಸರಿಯಾಗದೆ ಯಾವ ಕ್ರೀಮ್ ಹಚ್ಚಿದರೂ ಪ್ರಯೋಜನ ಇಲ್ಲ. ಕುಡಿಸಿ ಆದ ಮೇಲೆ ಎರಡು ಹನಿ ನಿಮ್ಮದೇ ಹಾಲನ್ನು ಸವರಿ ಗಾಳಿಗೆ ಒಣಗಲು ಬಿಡಿ. ಬೇಕಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಲ್ಯಾನೋಲಿನ್ ಹಚ್ಚಬಹುದು. ಸೋಪು ಬೇಡ. ಕಡಿಮೆ ನೋವಿರುವ ಕಡೆಯಿಂದ ಶುರು ಮಾಡಿ. ನೋವು ತಡೆಯಲಾಗದಿದ್ದರೆ ಒಂದೆರಡು ದಿನ ಆ ಕಡೆಯ ಹಾಲನ್ನು ಕೈಯಲ್ಲಿ ಹಿಂಡಿ ಒಳಲೆಯಲ್ಲಿ ಕುಡಿಸಿ. ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯ ಸಣ್ಣ ಪಾತ್ರೆ, ಮನೆಯ ಅಟ್ಟದಲ್ಲೆಲ್ಲೋ ಇರುತ್ತದೆ, ಅಜ್ಜಿಯನ್ನು ಕೇಳಿ, ಚೆನ್ನಾಗಿ ಕುದಿಸಿ ಬಳಸಿ. ಆಸ್ಪತ್ರೆಯಲ್ಲಿ ಅದಕ್ಕೇ ಪಾಲಾಡೆ ಅನ್ನುತ್ತಾರೆ.

ಮಳೆಗಾಲದ ಒಂದು ವಿಷಯ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದೇ ಇಲ್ಲ, ಒಣಗಿದರೂ ಒಂದು ಥಂಡಿ ಉಳಿದುಬಿಡುತ್ತದೆ. ಅಂಥ ಬ್ರಾ, ಹಾಲು ಸೋರಿ ಒದ್ದೆಯಾದ ಪ್ಯಾಡ್ ಗಂಟೆಗಟ್ಟಲೆ ಮೈಮೇಲೆ ಇದ್ದರೆ ಬಿರುಕು ಮಾಯುವುದಿಲ್ಲ, ಫಂಗಸ್ ಬರುವ ಸಾಧ್ಯತೆಯೂ ಜಾಸ್ತಿ. ತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದರೆ, ಉರಿ ಇದ್ದರೆ, ಮಗುವಿನ ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಇಬ್ಬರಿಗೂ ಒಟ್ಟಿಗೆ ಮದ್ದು ಆಗಬೇಕು. ಒಬ್ಬರಿಗೆ ಮಾತ್ರ ಮಾಡಿದರೆ ಇನ್ನೊಬ್ಬರಿಂದ ಮತ್ತೆ ಅಂಟುತ್ತದೆ. ಬಟ್ಟೆಗೆ ಇಸ್ತ್ರಿ ಹಾಕಿ ಥಂಡಿ ತೆಗೆಯುವುದು ನನಗೆ ತುಂಬಾ ಉಪಯೋಗವಾದ ಉಪಾಯ. ಮೂರು ಹೆಚ್ಚುವರಿ ಹತ್ತಿ ಬ್ರಾ ಮೊದಲೇ ತಂದಿಟ್ಟುಕೊಳ್ಳಿ.

ಮೂರು ನಾಲ್ಕನೇ ದಿನ ಹಾಲು ಇಳಿಯುವಾಗ ಎದೆ ಕಲ್ಲಿನ ಹಾಗಾಗುತ್ತದೆ. ತೊಟ್ಟು ಚಪ್ಪಟೆಯಾಗಿ ಮಗುವಿಗೆ ಹಿಡಿಯಲು ಸಿಗುವುದೇ ಇಲ್ಲ. ಆಗ ಐದು ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ಎದೆಗೂಡಿನ ಕಡೆಗೆ ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಆ ಭಾಗ ಮೆತ್ತಗಾಗುತ್ತದೆ, ಮಗು ಹಿಡಿಯುತ್ತದೆ. ಬೇಕಿದ್ದರೆ ಮೊದಲು ಸ್ವಲ್ಪ ಹಾಲನ್ನು ಕೈಯಲ್ಲಿ ಹಿಂಡಿ ತೆಗೆಯಿರಿ: ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದಿಂದ ಸ್ವಲ್ಪ ಹಿಂದೆ ಇಟ್ಟು, ಹಿಂದಕ್ಕೆ ಒತ್ತಿ, ಹಿಚುಕಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ಕುಡಿಸಿದ ನಂತರ ತಣ್ಣೀರಲ್ಲಿ ಅದ್ದಿದ ಬಟ್ಟೆ ಹಾಕಿ. ಫ್ರಿಜ್‌ನಲ್ಲಿಟ್ಟ ಕ್ಯಾಬೇಜ್ ಎಲೆಯೂ ಆಗುತ್ತದೆ, ನಗಬೇಡಿ, ನನಗೆ ತುಂಬಾ ಹಾಯೆನಿಸಿತ್ತು.

ಇಲ್ಲೇ ಬಾಣಂತಿ ಸ್ನಾನದ ಮಾತು ಬರುತ್ತದೆ. ಹಂಡೆಯ ಬಿಸಿನೀರು ಬೆನ್ನಿಗೆ, ಸೊಂಟಕ್ಕೆ ಸ್ವರ್ಗ. ಆದರೆ ಕಲ್ಲಾದ ಎದೆಯ ಮೇಲೆ ಕುದಿಯುವ ನೀರು ಎರಚಿ, ಗಂಟು ಕರಗಲಿ ಅಂತ ಎರಡೂ ಕೈಯಿಂದ ಜೋರಾಗಿ ತಿಕ್ಕುವುದು ಬೇಡ. ಈಗಿನ ವೈದ್ಯರು ಗಟ್ಟಿ ಮಸಾಜ್ ಮಾಡಬೇಡಿ ಅನ್ನುತ್ತಾರೆ, ಒಳಗಿನ ಊತ ಇನ್ನೂ ಜಾಸ್ತಿಯಾಗುತ್ತದೆ. ಮೀಯಿಸುವವರಿಗೆ ಹೇಳಲು ಮುಜುಗರ ಆದರೆ "ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನಿ. ನಾನು ಬಾಣಂತನದ ಅರ್ಧ ಜಗಳ ತಪ್ಪಿಸಿದ್ದು ಈ ಒಂದೇ ವಾಕ್ಯದಲ್ಲಿ. ಹಾಗೆಯೇ, ಹುಟ್ಟಿದ ಮಗುವಿನ ಎದೆ ಉಬ್ಬಿ ಒಂದೆರಡು ಹನಿ ಹಾಲು ಬರುವುದುಂಟು. ಅದನ್ನು ಹಿಂಡಲು ಯಾರಿಗೂ ಬಿಡಬೇಡಿ, ಕೀವು ಆಗುತ್ತದೆ. ತಾನಾಗಿಯೇ ಇಳಿದುಹೋಗುತ್ತದೆ.

ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಚಳಿಜ್ವರ, ಮೈಕೈ ನೋವು ಬಂದರೆ ಅದು ಮಾಸ್ಟೈಟಿಸ್. ಹೆಚ್ಚಿನವರು ಆಗ "ಮಗುವಿಗೆ ಆ ಹಾಲು ಕೊಡಬೇಡ, ಕೆಟ್ಟಿದೆ" ಅನ್ನುತ್ತಾರೆ. ತಪ್ಪು. ಕುಡಿಸುವುದನ್ನು ನಿಲ್ಲಿಸಬೇಡಿ, ಆ ಹಾಲಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಪೂರ್ತಿ ಖಾಲಿ ಮಾಡಬೇಕು ಅಂತ ಪಂಪ್ ಹಾಕಿ ಹಾಕಿ ಎಳೆಯುವುದೂ ಬೇಡ. ತಣ್ಣಗಿನ ಬಟ್ಟೆ, ವಿಶ್ರಾಂತಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲುಣಿಸುವವರಿಗೆ ಸಾಮಾನ್ಯವಾಗಿ ಸುರಕ್ಷಿತ, ಆದರೂ ಒಮ್ಮೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಜ್ವರ ಏರುತ್ತಿದ್ದರೆ ಆಂಟಿಬಯೋಟಿಕ್ ಬೇಕಾಗುತ್ತದೆ. ಮೆತ್ತಗಿನ ನೋವಿನ ಗಡ್ಡೆ ಉಳಿದುಬಿಟ್ಟರೆ ಕೀವು ಇರಬಹುದು, ತೋರಿಸಿ.

ಮೆಂತೆ ಗಂಜಿ, ತಾಟೆ ಮೀನು, ಒಂದು ಮುಚ್ಚಳ ಬ್ರಾಂಡಿ

ಹಾಲು ಹೆಚ್ಚಲು ನಮ್ಮಲ್ಲಿ ಕೊಡುವ ಪಟ್ಟಿ ದೊಡ್ಡದು. ಕುಚ್ಚಲಕ್ಕಿ, ಮೆಂತೆ, ತೆಂಗಿನ ಹಾಲು, ಬೆಲ್ಲ ಹಾಕಿದ ಗಂಜಿ ನನಗೆ ಬಾಣಂತನದ ಅತ್ಯಂತ ಸಿಹಿ ನೆನಪು. ತಿನ್ನಿ. ಹೊಟ್ಟೆ ತುಂಬುತ್ತದೆ, ಶಕ್ತಿ ಬರುತ್ತದೆ. ಆದರೆ ಮೆಂತೆ ತಿಂದರೆ ಹಾಲು ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಜಾಸ್ತಿ ಮೆಂತೆ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ಬೆಳ್ಳುಳ್ಳಿಯೂ ಅಷ್ಟೇ, ರುಚಿಗೆ ತಿನ್ನಿ.

ಮೀನು ಒಳ್ಳೆಯದು. ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ವಾರಕ್ಕೆ ಎರಡು ಮೂರು ಸಲ ಧಾರಾಳ ತಿನ್ನಿ. ಆದರೆ ಬಾಣಂತಿಗೆ ಹಾಲು ಬರುತ್ತದೆ ಅಂತ ಹುಡುಕಿ ತರುವ ತಾಟೆ, ಅಂದರೆ ಶಾರ್ಕ್, ಬೇಡ. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿಕೊಂಡಿರುತ್ತದೆ, ಅದು ಹಾಲಿನ ಮೂಲಕ ಮಗುವಿಗೂ ಹೋಗುತ್ತದೆ. ಇದನ್ನು ಅತ್ತೆಗೆ ಹೇಳುವುದು ಕಷ್ಟ ಅಂತ ಗೊತ್ತು, ಬೆಳಿಗ್ಗೆ ಎದ್ದು ಮೀನಿನ ಧಕ್ಕೆಗೆ ಹೋಗಿ ತಂದಿರುತ್ತಾರೆ! ಬ್ರಾಂಡಿಯದು ಇನ್ನೂ ಸೂಕ್ಷ್ಮ. "ಮೈ ಬೆಚ್ಚಗಾಗ್ಲಿ, ಒಂದು ಮುಚ್ಚಳ" ಅಂತ ಕೊಡುವ ಮನೆಗಳಿವೆ. ಮದ್ಯ ಹಾಲಿಗೆ ಸೇರುತ್ತದೆ, ಹಾಲು ಇಳಿಯುವುದನ್ನೂ ತಡೆಯುತ್ತದೆ. ಅದು ಖಂಡಿತ ಬೇಡ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯೂ ಬೇಡ, ಬಾಯಾರಿದಷ್ಟು ಕುಡಿಯಲಿ. ಹಾಲುಣಿಸಲು ಕೂತ ಕೂಡಲೇ ನನಗೆ ಗಂಟಲು ಒಣಗುತ್ತಿತ್ತು, ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇಟ್ಟುಕೊಂಡಿರುತ್ತಿದ್ದೆ.

ಹಾಲು ನಿಜವಾಗಿ ಹೆಚ್ಚುವುದು ಮಗು ಸರಿಯಾಗಿ ಹಿಡಿದು ಪದೇ ಪದೇ ಎಳೆದಾಗ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಜಾಸ್ತಿ ಇರುತ್ತದೆ, ಹಾಗಾಗಿ ರಾತ್ರಿಯ ಹಾಲು ತಪ್ಪಿಸಬೇಡಿ. ತಯಾರಾದ ಹಾಲನ್ನು ಹೊರಗೆ ತಳ್ಳುವುದು ಆಕ್ಸಿಟೋಸಿನ್ ಅನ್ನುವ ಇನ್ನೊಂದು ಹಾರ್ಮೋನ್. ನೋವು, ಸಿಟ್ಟು, ಹೆದರಿಕೆ ಇದ್ದಾಗ ಅದು ಸರಿಯಾಗಿ ಬರುವುದಿಲ್ಲ. ಸುತ್ತ ಐದು ಜನ ನಿಂತು "ಬರ್ತಾ ಉಂಟಾ?" ಅಂತ ಬಗ್ಗಿ ನೋಡಿದರೆ ಇದ್ದದ್ದೂ ಇಳಿಯದೆ ಇರುವುದು ಇದಕ್ಕೇ. ಮಗುವಿನ ಅಂಗಿ ತೆಗೆದು ಬರೀ ಮೈಯನ್ನು ನಿಮ್ಮ ಎದೆಗೆ ಒರಗಿಸಿ ಅರ್ಧ ಗಂಟೆ ಸುಮ್ನೆ ಕೂರಿ. ನನಗೆ ಅದರಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ.

ಹಾಗಂತ ನಿಜವಾಗಿಯೂ ಹಾಲು ಕಡಿಮೆ ಇರುವವರು ಇದ್ದಾರೆ. ಥೈರಾಯ್ಡ್, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ತೊಂದರೆ), ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿರುವುದು, ಹೆರಿಗೆಯ ಕಸದ (ಮಾಸಿನ) ತುಂಡು ಒಳಗೆ ಉಳಿದಿರುವುದು, ಎದೆಗೆ ಹಿಂದೆ ಆಪರೇಷನ್ ಆಗಿರುವುದು, ಇವೆಲ್ಲ ಕಾರಣ ಆಗಬಹುದು. ಎಲ್ಲ ಸರಿ ಮಾಡಿದರೂ ತೂಕ ಏರದಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ. ಫಾರ್ಮುಲಾ, ಅಂದರೆ ಡಬ್ಬಿಯ ಹಾಲಿನ ಪುಡಿ, ಬೇಕು ಅಂತ ಡಾಕ್ಟರ್ ಹೇಳಿದರೆ ಕೊಡಿ, ಅದಕ್ಕೆ ಅಳುತ್ತಾ ಕೂರಬೇಡಿ. ಎಷ್ಟು, ಎಷ್ಟು ದಿನ, ಯಾವಾಗ ಕಡಿಮೆ ಮಾಡುವುದು ಅಂತ ಮಾತ್ರ ಅಲ್ಲೇ ಕೇಳಿ ಬರೆದುಕೊಳ್ಳಿ. ಡಬ್ಬಿಯಲ್ಲಿ ಬರೆದ ಅಳತೆಗಿಂತ ತೆಳ್ಳಗೆ ಮಾಡಬೇಡಿ. ಸುಮ್ಮಸುಮ್ಮನೆ ಯಾರಾದರೂ ಡಬ್ಬಿ ಕೈಗಿಟ್ಟರೆ ಒಂದು ವಿಷಯ ನೆನಪಿರಲಿ: 1992ರ ಕಾನೂನು, 2003ರಲ್ಲಿ ಬಿಗಿ ಮಾಡಿದ್ದು, ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ ಮತ್ತು ಬಾಟ್ಲಿಯ ಜಾಹೀರಾತನ್ನು, ತಾಯಂದಿರಿಗೆ ಫ್ರೀ ಸ್ಯಾಂಪಲ್ ಕೊಡುವುದನ್ನು ನಿಷೇಧಿಸಿದೆ.

ಮಗುವಿಗೆ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ಏಪ್ರಿಲ್, ಮೇ ಸೆಕೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ 87 ಶೇಕಡಾಕ್ಕೂ ಹೆಚ್ಚು ನೀರೇ ಇದೆ. ಜೇನು ಒಂದು ವರ್ಷ ತುಂಬುವ ತನಕ ನಾಲಿಗೆಗೂ ಸವರಬಾರದು, ಅದರಿಂದ ಬೊಟುಲಿಸಂ ಅನ್ನುವ ಕಾಯಿಲೆ ಬರಬಹುದು. ತೇದು ನೆಕ್ಕಿಸುವ ಬಜೆಯೂ ಬೇಡ, ಅದರಲ್ಲಿರುವ ಅಸರೋನ್ ಅನ್ನುವ ಅಂಶ ಒಳ್ಳೆಯದಲ್ಲ. ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್ ಮಕ್ಕಳ ಡಾಕ್ಟರ್ ಬರೆದುಕೊಡುತ್ತಾರೆ, ಅದು ಮಾತ್ರ ತಪ್ಪಿಸಬೇಡಿ.

ಮನೆಯವರು ಏನು ಮಾಡಬಹುದು

ಗಂಡಸರಿಗೆ ಹಾಲು ಕುಡಿಸಲು ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಮಗುವನ್ನು ಎತ್ತಿ ತಂದು ಕೊಡುವುದು, ಪಾತ್ರೆ ತೊಳೆಯುವುದು. ಗಂಡ ಗಲ್ಫ್‌ನಲ್ಲಿದ್ದರೆ? ಮಗು ಮಲಗಿದ್ದಾಗ ಮಾಡುವ ಕಾಲ್ ಹೆಂಡತಿಯ ನಿದ್ದೆ ತಿನ್ನುತ್ತದೆ, ಅದು ಗೊತ್ತಿರಲಿ. ನನ್ನ ಗಂಡ ಎರಡನೇ ಸಲ ಒಂದು ಕೆಲಸ ವಹಿಸಿಕೊಂಡ: ಬರುವ ನೆಂಟರಿಗೆಲ್ಲ ಅವನೇ ಅಲ್ಲಿಂದ ಫೋನ್ ಮಾಡಿ, "ಸಂಜೆ 4ರಿಂದ 5, ಅಷ್ಟೇ" ಅಂತ ಹೇಳುವುದು. ದೂರ ಇದ್ದವರು ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ, ನೋಡಿ.

ಅಮ್ಮ, ಅತ್ತೆಯಂದಿರೇ, ನಿಮ್ಮ ಕೈ ಗಂಜಿಗಿಂತ ದೊಡ್ಡ ಔಷಧ ಇಲ್ಲ. ಆದರೆ ಮಗು ಅತ್ತಾಗೆಲ್ಲ "ಹಾಲಿಲ್ಲ ಕಾಣ್ತದೆ" ಅನ್ನಬೇಡಿ. ಆ ಮಾತು ಕೇಳಿದ ಹುಡುಗಿ ರಾತ್ರಿ ಪೂರ್ತಿ ಅದನ್ನೇ ಯೋಚಿಸುತ್ತಾಳೆ.

ಮತ್ತೆ ಕೆಲಸಕ್ಕೆ ಹೋಗುವಾಗ

ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ, ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು, 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ, ಇವು ಕಾನೂನಿನಲ್ಲಿವೆ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ. ಕೆಲಸಕ್ಕೆ ಸೇರುವ ಎರಡು ಮೂರು ವಾರ ಮೊದಲೇ ಹಾಲು ಹಿಂಡಿಡಲು ಅಭ್ಯಾಸ ಮಾಡಿಕೊಳ್ಳಿ. ಹಿಂಡಿದ ಹಾಲನ್ನು 25 ಡಿಗ್ರಿಯ ಕೋಣೆಯಲ್ಲಿ 4 ಗಂಟೆ ಇಡಬಹುದು ಅನ್ನುತ್ತಾರೆ, ಮಂಗಳೂರಿನ ಸೆಕೆಗೆ ಆ ಲೆಕ್ಕ ನಂಬಬೇಡಿ, ಕೂಡಲೇ ಫ್ರಿಜ್‌ಗೆ ಹಾಕಿ. ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ ಸುಮಾರು 6 ತಿಂಗಳು. ಬಾಗಿಲಿನ ಕಪಾಟಿನಲ್ಲಿ ಇಡಬೇಡಿ, ಒಳಗೆ ಹಿಂಬದಿಗೆ ಇಡಿ, ತಾರೀಕು ಬರೆದು. ಮಳೆಗೆ ಗಂಟೆಗಟ್ಟಲೆ ಕರೆಂಟ್ ಹೋದರೆ ಫ್ರಿಜ್ ತೆರೆಯಬೇಡಿ. ಬಿಸಿ ಮಾಡಲು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು, ಒಲೆಯ ಮೇಲೆ ಕುದಿಸುವುದು, ಮೈಕ್ರೋವೇವ್ ಎರಡೂ ಬೇಡ. ಮಂಗಳೂರು, ಉಡುಪಿ ಮಧ್ಯೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಓಡಾಡುವವರು ಐಸ್ ಪ್ಯಾಕ್ ಹಾಕಿದ ಸಣ್ಣ ಟಿಫಿನ್ ಬ್ಯಾಗ್ ಇಟ್ಟುಕೊಳ್ಳಿ.

ಯಾರನ್ನು ಕೇಳುವುದು

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ತವರಿಗೆ ಹೋಗುವವರು ಅಲ್ಲಿನ ಆಶಾಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಎರಡು ಊರಿನ ಮಧ್ಯೆ ನಿಮ್ಮ ಹೆಸರು ತಪ್ಪಿಹೋಗುತ್ತದೆ. ಮಂಗಳೂರಿನಲ್ಲಿ ಲೇಡಿಗೋಷನ್, ಉಡುಪಿಯಲ್ಲಿ ಸರಕಾರಿ ತಾಯಿ ಮಕ್ಕಳ ಆಸ್ಪತ್ರೆ ಇವೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಹಾಲುಣಿಸುವುದನ್ನು ಹೇಳಿಕೊಡುವವರು ಇದ್ದಾರಾ ಅಂತ ಹೆರಿಗೆಗೆ ಮುಂಚೆಯೇ ವಿಚಾರಿಸಿ. ಮಗು ದಿನ ತುಂಬುವ ಮೊದಲೇ ಹುಟ್ಟಿ ಐಸಿಯುನಲ್ಲಿದ್ದರೆ, ಹೆರಿಗೆಯಾದ ಆರು ಗಂಟೆಯೊಳಗೆ ಕೈಯಲ್ಲಿ ಹಿಂಡಲು ಶುರು ಮಾಡಿ, ದಿನಕ್ಕೆ ಎಂಟು ಸಲವಾದರೂ ಹಿಂಡಿ. ಲೇಡಿಗೋಷನ್‌ನಲ್ಲಿ ಅಂಥ ಮಕ್ಕಳಿಗಾಗಿ ತಾಯಿ ಹಾಲಿನ ಬ್ಯಾಂಕ್ ಕೂಡ ಇದೆ. ರಾತ್ರಿ ಹೊತ್ತು ಏನಾದರೂ ಕೇಳಬೇಕಾದರೆ 104ಕ್ಕೆ ಫೋನ್ ಮಾಡಬಹುದು.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಆರೆಂಟು ಗಂಟೆ ಮೂತ್ರ ಆಗದಿದ್ದರೆ, ನೆತ್ತಿ ಒಳಗೆ ಕುಸಿದಂತಿದ್ದರೆ, ಹಳದಿ ಬಣ್ಣ ಹೊಟ್ಟೆ ಕಾಲಿನವರೆಗೆ ಇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. 108 ಇದೆ.

ಇನ್ನು ನಿಮ್ಮ ಮನಸ್ಸು. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ತುಂಬಾ ಜನರಿಗೆ ಆಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಮಗುವನ್ನು ನೋಡಬೇಕು ಅಂತಲೇ ಅನಿಸದಿದ್ದರೆ, ಅದು ಸೋಮಾರಿತನವೂ ಅಲ್ಲ, ದೃಷ್ಟಿಯೂ ಅಲ್ಲ, ಕಾಯಿಲೆ. ಮದ್ದು ಇದೆ. ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಅಥವಾ ಮಗುವಿಗೆ ಏನಾದರೂ ಮಾಡುವ ಯೋಚನೆ ಬಂದರೆ ಅವತ್ತೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಹಾಲಿಗೆ ತೊಂದರೆಯಾಗದ ಮಾತ್ರೆಗಳು ಇವೆ.

ಒಂದು ಕೊನೆಯ ಉಪಾಯ. ಹಾಲಿನ ತೊಂದರೆ ಅಂತ ಆಸ್ಪತ್ರೆಗೆ ಹೋಗುವಾಗ ಮಗುವಿಗೆ ಹೊರಡುವ ಮೊದಲು ಪೂರ್ತಿ ಕುಡಿಸಿ ಮಲಗಿಸಿಕೊಂಡು ಹೋಗಬೇಡಿ. ಸ್ವಲ್ಪ ಹಸಿದಿರಲಿ. ಮುಂದೆ ತೆರೆಯುವ ನೈಟಿ ಅಥವಾ ಕುರ್ತಾ ಹಾಕಿ. ಡಾಕ್ಟರ್ ಚೀಟಿ ಬರೆಯಲು ಪೆನ್ನು ತೆಗೆದರೆ, "ಬರೆಯುವ ಮೊದಲು ಒಮ್ಮೆ ಕುಡಿಸ್ತೇನೆ, ನರ್ಸ್ ಆದ್ರೂ ನೋಡ್ಲಿ" ಅನ್ನಿ, ಮತ್ತು ನೋಡುವ ತನಕ ಕುರ್ಚಿ ಬಿಟ್ಟು ಏಳಬೇಡಿ.